ಹೋಟೆಲಿನ ವ್ಯಾನೂ ಅದರ ಸಾರಥಿಯೂ

ನಳಪಾಕವೆಂಬ ಮಾತನ್ನು ನಮ್ಮ ಹೋಟೆಲು ಬಂಧುಗಳಿಗೆ ವಿವರಿಸಬೇಕಾದ ಅಗತ್ಯವಿಲ್ಲ. ಆದರೆ ಅದೇ ನಳನು ಪಾಕಶಾಸ್ತ್ರದಲ್ಲಿ ಎಷ್ಟು ನಿಪುಣನೋ ಅಶ್ವವಿದ್ಯೆಯಲ್ಲಿಯೂ ಅಷ್ಟೇ ನಿಪುಣನಾಗಿದ್ದನೆಂಬುದನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ. ರಾಜ್ಯಕೋಶಗಳನ್ನು ಕಳೆದುಕೊಂಡು, ರೂಪಗೆಟ್ಟು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಊಳಿಗಕ್ಕೆ ನಿಂತಾಗ ಅವನು ತನ್ನ ಅರ್ಹತೆಯೆಂದು ಹೇಳಿಕೊಂಡದ್ದು ಮುಖ್ಯವಾಗಿ ಈ ಎರಡನ್ನೇ: ಕುದುರೆ ಬಲ್ಲೆ, ಅಡುಗೆ ಬಲ್ಲೆ. ಮುಂದೆ ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕಾದ ಪ್ರಸಂಗ ಬಂದಾಗ ಬಾಹುಕನು ಲಾಯದಿಂದ ಆರಿಸಿ ತಂದದ್ದು ಬಡಕಲು ಕುದುರೆಗಳನ್ನು. ಅರಸನು ಸಿಡಿಮಿಡಿಗೊಂಡನು, ಸಾರಥಿಯು ಅವುಗಳ ಲಕ್ಷಣಗಳನ್ನು ವಿವರಿಸಿ ಹೇಳಿ ರಥಕ್ಕೆ ಕಟ್ಟಿದನು. ರಥವು ಹೊತ್ತಿಗೆ ಸರಿಯಾಗಿ ಕುಂಡಿನಪುರವನ್ನು ಸೇರಿತು. ಯಕ್ಷಗಾನದ ರಂಗಸ್ಥಳದಲ್ಲಿ ಈ ಕಥೆಯನ್ನು ರಾತ್ರಿಯಿಡೀ ಕಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ!

ಪುರಾತನರ ದೃಷ್ಟಿಯಲ್ಲಿ ಸಾರಥ್ಯವೆಂದರೆ ಕಡಿವಾಣ ಹಿಡಿಯುವ ಕೆಲಸದಷ್ಟಕ್ಕೇ ಮುಗಿಯುತ್ತಿರಲಿಲ್ಲ. ಕುದುರೆಗೆ ನೀರು ಕುಡಿಸುವುದು, ಮೈ ತಿಕ್ಕುವುದು, ಗಾಯಕ್ಕೆ ಮದ್ದು ಕಟ್ಟುವುದು ಎಲ್ಲವೂ ಅದರೊಳಗೇ ಸೇರಿದ್ದವು. ಜಯದ್ರಥವಧೆಯ ದಿನ ರಣರಂಗದ ನಡುವೆಯೇ ಶ್ರೀಕೃಷ್ಣನು ಕುದುರೆಗಳನ್ನು ಬಿಚ್ಚಿ, ಬಾಣಗಳನ್ನು ಕಿತ್ತು, ನೀರು ಕುಡಿಸಿ, ಮರಳಿ ಹೂಡಿದನೆಂದು ಭಾರತವು ಹೇಳುತ್ತದೆ. ಮೋಟಾರು ಬಂದ ಮೇಲೆ ಈ ವಿದ್ಯೆ ಎರಡು ಹೋಳಾಯಿತು. ನಡೆಸುವವನು ಒಬ್ಬ, ಬಿಚ್ಚಿ ನೋಡುವವನು ಇನ್ನೊಬ್ಬ. ಈ ಎರಡು ಹೋಳುಗಳನ್ನು ಸಾಧ್ಯವಿದ್ದಷ್ಟು ಮಟ್ಟಿಗೆ ಮತ್ತೆ ಜೋಡಿಸಿಕೊಳ್ಳುವ ಬಗೆ ಹೇಗೆಂಬುದೇ ಇಂದಿನ ಲೇಖನದ ವಿಷಯ.

ವಿಷಯವು ಡ್ರೈವರರಿಗೆ ಮಾತ್ರ ಸಂಬಂಧಿಸಿದ್ದೆಂದು ಗುಮಾಸ್ತ ಮಿತ್ರರು ಪುಟ ಮಗುಚಬಾರದು. ಮುಂಬಯಿಯ ಸಗಟು ತರಕಾರಿ ಪೇಟೆ ಬೈಕಲಾದಿಂದ 1996ರಲ್ಲಿ ವಾಶಿಗೆ ಸ್ಥಳಾಂತರಗೊಂಡ ಮೇಲೆ, ಮಾಟುಂಗಾದ ಹೋಟೆಲಿನ ತೊಂಡೆಕಾಯಿ ಖಾಡಿಯನ್ನು ದಾಟಿಯೇ ಬರಬೇಕು. ಹೂವು ದಾದರದಿಂದ, ಹಿಟ್ಟು ರುಬ್ಬುವ ಮನೆಯಿಂದ, ಮದುವೆಯ ಊಟ ಅಡುಗೆಮನೆಯಿಂದ ಸಭಾಗೃಹಕ್ಕೆ — ಎಲ್ಲವೂ ಒಂದು ಸಣ್ಣ ವ್ಯಾನಿನ ಬೆನ್ನಿನ ಮೇಲೆ. ಬೆಳಗಿನ ಐದು ಗಂಟೆಗೆ ಆ ವ್ಯಾನು ಹೊರಡದಿದ್ದರೆ ಏಳು ಗಂಟೆಯ ಇಡ್ಲಿ ಇಲ್ಲ. ಗಲ್ಲೆಯಲ್ಲಿ ಕುಳಿತವನಿಗೆ ವ್ಯಾಪಾರವಿಲ್ಲ. ಸ್ವಂತ ಗಾಡಿಯನ್ನು ಕಂತಿನ ಮೇಲೆ ಕೊಂಡವನಿಗೆ ಆ ದಿನದ ಸಂಪಾದನೆಯೇ ಇಲ್ಲ. ಲೋಟ ತೊಳೆಯುವ ಹುಡುಗನಾಗಿ ಸೇರಿ, ಲೈಸೆನ್ಸು ಪಡೆದು, ಧಣಿಯ ವ್ಯಾನು ನಡೆಸಿ, ಕೊನೆಗೆ ತನ್ನದೇ ಒಂದು ಗಾಡಿಯನ್ನು ಹೊಂದುವುದು ನಮ್ಮವರ ಏಳಿಗೆಯ ಹಾದಿಗಳಲ್ಲಿ ಒಂದು. ಆ ಗಾಡಿಯ ಲಾಭವು ಗ್ಯಾರೇಜಿನ ಬಿಲ್ಲಿನಲ್ಲಿ ಕರಗಿ ಹೋಗುವುದೂ ಅಷ್ಟೇ ಸಾಮಾನ್ಯ.

ಮೊದಲ ಪ್ರಯಾಣಿಕಳೇ ಮೊದಲ ಮೆಕ್ಯಾನಿಕ್

ಯಂತ್ರವಿದ್ಯೆ ತನಗೆ ಒಲಿಯುವಂಥದ್ದಲ್ಲವೆಂದು ಹಿಂಜರಿಯುವವರಿಗೆ ಒಂದು ನಿದರ್ಶನವನ್ನು ಕೊಡಬಹುದು. ಮೋಟಾರು ಗಾಡಿಯನ್ನು ನಿರ್ಮಿಸಿದ ಕಾರ್ಲ್ ಬೆಂಜ್ ಎಂಬ ಜರ್ಮನ್ ಇಂಜಿನಿಯರನ ಪತ್ನಿ ಬೆರ್ತಾ ಬೆಂಜ್ 1888ರ ಆಗಸ್ಟ್ ತಿಂಗಳಲ್ಲಿ ತನ್ನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ತಿಳಿಸದೆಯೇ, ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರಕ್ಕಿಂತಲೂ ಹೆಚ್ಚು ಕಿಲೋಮೀಟರು ದೂರ ಗಾಡಿ ನಡೆಸಿದಳು. ಲೋಕದಲ್ಲಿ ಮೋಟಾರಿನಲ್ಲಿ ಅಷ್ಟು ದೂರ ಹೋದವರು ಅದುವರೆಗೆ ಯಾರೂ ಇರಲಿಲ್ಲ. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಬಿಡಿಸಿದಳು; ತಂತಿಯ ಹೊದಿಕೆ ಸವೆದಲ್ಲಿ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು; ಇಂಧನ ತೀರಿದಾಗ ಔಷಧದಂಗಡಿಯಿಂದ ಕೊಂಡಳು; ಮರದ ಬ್ರೇಕು ಸವೆದಾಗ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಯಿಸಿದಳು. ಇಂದು ಬ್ರೇಕಿಗೆ ಹಾಕುವ ಲೈನಿಂಗಿನ ಮೂಲ ಇದರಲ್ಲಿದೆಯೆಂದು ಹೇಳುವುದುಂಟು. ಆಕೆಗೆ ಯಾವ ಗ್ಯಾರೇಜೂ ಇರಲಿಲ್ಲ. ಗಾಡಿಯ ಯಾವ ಅಂಗ ಯಾವ ಕೆಲಸಕ್ಕೆಂಬ ತಿಳುವಳಿಕೆ ಇತ್ತು.

ನಮ್ಮವರ ಕೈಯಲ್ಲಿರುವ ಗಾಡಿಗಳೇನೂ ಅಷ್ಟು ಪ್ರಾಚೀನವಲ್ಲ. 1984ರಲ್ಲಿ ಮಾರುತಿ ವ್ಯಾನು ಎಂಬ ಹೆಸರಿನಿಂದ ಬಂದು, ಬಳಿಕ ಓಮ್ನಿ ಎನಿಸಿಕೊಂಡ ಗಾಡಿ 2019ರವರೆಗೂ ತಯಾರಾಗುತ್ತಿತ್ತು. 796 ಘನ ಸೆಂಟಿಮೀಟರಿನ, ಮೂರು ಸಿಲಿಂಡರುಗಳ ಆ ಪುಟ್ಟ ಇಂಜಿನು ಹೊತ್ತ ಹಿಟ್ಟಿನ ಡಬರಿಗಳಿಗೆ ಲೆಕ್ಕವಿಲ್ಲ. 2010ರಲ್ಲಿ ಬಂದ ಈಕೋ ಅದರ ಉತ್ತರಾಧಿಕಾರಿ. 2005ರಲ್ಲಿ ಬಂದ ಟಾಟಾ ಏಸ್ ಅನ್ನು ಮುಂಬಯಿಯ ಜನ ‘ಛೋಟಾ ಹಾಥಿ’ ಎಂದು ಕರೆದರು. ಓಮ್ನಿ, ಈಕೋಗಳಲ್ಲಿ ಇಂಜಿನು ಇರುವುದು ಮುಂದಿನ ಆಸನಗಳ ಕೆಳಗೆ. ಡ್ರೈವರನು ಅದರ ಮೇಲೆಯೇ ದಿನವಿಡೀ ಕುಳಿತು, ವರ್ಷಕ್ಕೊಮ್ಮೆಯೂ ಆಸನವನ್ನೆತ್ತಿ ಅದರ ಮುಖ ನೋಡದಿರುವುದುಂಟು.

ನೋಡದಿದ್ದರೆ ನಷ್ಟ ಹಣದ್ದಷ್ಟೇ ಅಲ್ಲ. 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮನ್ನು ಪ್ರತಿಯೊಬ್ಬ ಡ್ರೈವರನೂ ತಿಳಿದಿರತಕ್ಕದ್ದು. ಅಪಾಯಕಾರಿಯಾದ ದೋಷವುಳ್ಳ ಗಾಡಿಯನ್ನು ನಡೆಸಿದವನೂ, ನಡೆಸಗೊಟ್ಟವನೂ ಅದರ ಪ್ರಕಾರ ಶಿಕ್ಷಾರ್ಹರು. ದೋಷವಿದೆಯೆಂದು ತಿಳಿದಿರಬೇಕೆಂದೂ ಇಲ್ಲ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯಬಹುದಾಗಿದ್ದ ದೋಷವಾದರೂ ಸಾಕು. ‘ಧಣಿಗಳು ಗ್ಯಾರೇಜಿಗೆ ಕಳುಹಿಸಲಿಲ್ಲ’ ಎಂಬ ಉತ್ತರವು ರಸ್ತೆಯಲ್ಲಿ ಬಿದ್ದವನನ್ನು ಎಬ್ಬಿಸುವುದಿಲ್ಲ. ಚಕ್ರ ಹಿಡಿದವನನ್ನು ಪೂರ್ತಿಯಾಗಿ ಬಿಡಿಸುವುದೂ ಇಲ್ಲ.

ಕಣ್ಣಿನಿಂದ ಆರಂಭ

ಕಲಿಕೆ ಸ್ಪ್ಯಾನರಿನಿಂದ ಆರಂಭವಾಗುವುದಲ್ಲ, ಕಣ್ಣಿನಿಂದ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ ಅದು ನಿಂತಿದ್ದ ನೆಲವನ್ನೊಮ್ಮೆ ನೋಡಬೇಕು. ಕರಿಯ ಹನಿ ಇಂಜಿನ್ ಆಯಿಲಿನದು; ಹಸಿರು ಅಥವಾ ಕೆಂಪು ಬಣ್ಣದ ಜಿಗುಟು ನೀರು ರೇಡಿಯೇಟರಿನದು; ಚಕ್ರದ ಒಳಬದಿಯಲ್ಲಿ ತೇವ ಕಂಡರೆ ಬ್ರೇಕಿನ ಸಂಶಯಪಡತಕ್ಕದ್ದು. ಏರ್ ಕಂಡೀಶನರ್ ಇರುವ ಗಾಡಿಯ ಕೆಳಗಿನ ಶುದ್ಧ ನೀರಿಗೆ ಮಾತ್ರ ಅಂಜಬೇಕಾಗಿಲ್ಲ. ಹಂಡೆಯ ತೂತನ್ನು ಕೆಳಗಿನ ತೇವದಿಂದ ಗುರುತಿಸಬಲ್ಲವನಿಗೆ ಇದೇನೂ ಹೊಸ ವಿದ್ಯೆಯಲ್ಲ.

ಎರಡನೆಯದು ಆಯಿಲು. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಇಂಜಿನು ಬಂದು ಮಾಡಿ ಕೆಲವು ನಿಮಿಷಗಳಾದ ಮೇಲೆ ಅಳತೆಯ ಕಡ್ಡಿಯನ್ನೆಳೆದು, ಬಟ್ಟೆಯಿಂದ ಒರಸಿ, ಮತ್ತೆ ಪೂರ್ತಿ ತೂರಿಸಿ ಎಳೆಯಬೇಕು. ಎರಡು ಗುರುತುಗಳ ನಡುವೆ ಆಯಿಲಿದ್ದರೆ ಸರಿ. ಕಡಿಮೆಯಾದರೆ ಅಪಾಯವೆಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಒಳಗಿನ ಕ್ರ್ಯಾಂಕು ಅದನ್ನು ಕಡೆದು ನೊರೆಯೆಬ್ಬಿಸುತ್ತದೆ, ನೊರೆಯಿಂದ ಲೋಹಕ್ಕೆ ರಕ್ಷಣೆಯಿಲ್ಲ. ಆಯಿಲು ಕಪ್ಪಗಾಗಿದೆಯೆಂಬ ಒಂದೇ ಕಾರಣಕ್ಕೆ ಗಾಬರಿಪಡುವುದು ಬೇಡ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಧರ್ಮ. ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಿದ್ದರೆ ಮಾತ್ರ ಗಾಡಿಯನ್ನು ಹೊರಡಿಸಕೂಡದು. ನೀರು ಆಯಿಲಿನೊಳಗೆ ಸೇರಿತೆಂದು ಅದರ ಅರ್ಥ. ಬಹುತೇಕ ಹೆಡ್ ಗ್ಯಾಸ್ಕೆಟು ಸೋತಿರುತ್ತದೆ.

ಆಯಿಲಿನ ಡಬ್ಬಿಯ ಮೇಲಿನ 20ಡಬ್ಲ್ಯು-40 ಎಂಬಂತಹ ಅಂಕಿಗಳು ಅನೇಕರಿಗೆ ಒಗಟು. ಮೊದಲ ಅಂಕಿಯು ಚಳಿಯಲ್ಲಿ ಅದು ಎಷ್ಟು ಸಲೀಸಾಗಿ ಹರಿಯುತ್ತದೆಂಬುದನ್ನೂ, ಎರಡನೆಯದು ಇಂಜಿನು ಕಾದಾಗ ಎಷ್ಟು ದಪ್ಪವಾಗಿ ಉಳಿಯುತ್ತದೆಂಬುದನ್ನೂ ಸೂಚಿಸುತ್ತವೆ. ಬೆಳಗಿನ ದೋಸೆಹಿಟ್ಟು ಮಧ್ಯಾಹ್ನಕ್ಕೆ ಹದಗೆಟ್ಟರೆ ಭಟ್ಟರು ಹೇಗೆ ಒಪ್ಪುವುದಿಲ್ಲವೋ ಇಂಜಿನೂ ಹಾಗೆಯೇ. ಯಾವ ಗಾಡಿಗೆ ಯಾವ ದರ್ಜೆ, ಎಷ್ಟು ಲೀಟರು, ಎಷ್ಟು ಕಿಲೋಮೀಟರಿಗೆ ಬದಲು ಎಂಬುದು ಗಾಡಿಯೊಂದಿಗೆ ಬಂದ ಪುಸ್ತಕದಲ್ಲಿರುತ್ತದೆ. ಅಂಗಡಿಯವನ ಮಾತಿಗಿಂತ ಆ ಪುಸ್ತಕದ ಮಾತು ದೊಡ್ಡದು.

ಆಯಿಲು ಬದಲಿಸುವುದು ಸ್ವತಃ ಕಲಿಯಬಹುದಾದ ಮೊದಲ ದೊಡ್ಡ ಕೆಲಸ. ಇಂಜಿನನ್ನು ಬೆಚ್ಚಗೆ ಮಾಡಿ, ಬುಡದ ಬಿರಡೆಯನ್ನು ಬಿಚ್ಚಿ, ಹಳೆಯದನ್ನು ಅಗಲ ಪಾತ್ರೆಯಲ್ಲಿ ಹಿಡಿದು, ಬಿರಡೆಗೆ ಹೊಸ ವಾಶರು ಹಾಕಿ ಮುಚ್ಚಬೇಕು. ಹೊಸ ಫಿಲ್ಟರಿನ ರಬ್ಬರು ಬಳೆಗೆ ಬೆರಳಿನಿಂದ ಆಯಿಲು ಸವರಿ, ಬಳೆಯು ತಾಗಿದ ಮೇಲೆ ಸುಮಾರು ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿಯಬೇಕು. ಇಲ್ಲಿ ಬಲಪ್ರದರ್ಶನವೇ ಶತ್ರು. ಬಿರಡೆಯ ಹಲ್ಲುಗಳನ್ನು ಕೆಡಿಸಿಕೊಂಡವನು ಉಳಿಸಿದ ಮಜೂರಿಯ ಅನೇಕ ಪಾಲನ್ನು ಮರಳಿ ತೆರಬೇಕಾಗುತ್ತದೆ.

ಹಳೆಯ ಆಯಿಲನ್ನು ಗಟಾರಕ್ಕೆ ಚೆಲ್ಲುವುದು ಅಪರಾಧ. ಅದನ್ನು ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಹೋಟೆಲಿನವರಿಗೆ ಇನ್ನೊಂದು ವಿಶೇಷ ಎಚ್ಚರಿಕೆಯಿದೆ. ಕರಿದು ಉಳಿದ ಎಣ್ಣೆಯನ್ನು ಜೈವಿಕ ಡೀಸೆಲಿಗಾಗಿ ಸಂಗ್ರಹಿಸುವ ವ್ಯವಸ್ಥೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಆರಂಭಿಸಿತು. ಆ ಡಬ್ಬಿಗೂ ಇಂಜಿನಿನ ಆಯಿಲಿನ ಡಬ್ಬಿಗೂ ಎಂದೆಂದಿಗೂ ಸಂಪರ್ಕ ಕೂಡದು. ಗಾಡಿಯ ಕೆಲಸಕ್ಕೆ ಬೇರೆ ಅಂಗಿ, ಬೇರೆ ಬಟ್ಟೆ, ಬೇರೆ ಪಾತ್ರೆ ಇರತಕ್ಕದ್ದು. ಕೈಯನ್ನು ಸಾಬೂನಿನಿಂದ ಚೆನ್ನಾಗಿ ತೊಳೆಯದೆ ಅಡುಗೆಮನೆಯ ಹೊಸ್ತಿಲು ದಾಟಬಾರದು. ನಮ್ಮ ಹಿರಿಯರು ಮಡಿಯ ಹೆಸರಿನಲ್ಲಿ ಮಾಡಿದ್ದೆಲ್ಲವನ್ನೂ ನಾವು ಒಪ್ಪಬೇಕಾಗಿಲ್ಲವಾದರೂ ಇಷ್ಟು ಮಡಿಯನ್ನು ಮಾತ್ರ ಪಾಲಿಸಲೇಬೇಕು.

ಕುಕ್ಕರಿನ ನ್ಯಾಯ

ರೇಡಿಯೇಟರಿನ ವಿಷಯವನ್ನು ಅಡುಗೆಯವರಿಗೆ ತಿಳಿಸುವುದು ಬಹು ಸುಲಭ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡವಿರುವುದರಿಂದ ಸುಮಾರು 120 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತದೆ. ರೇಡಿಯೇಟರಿನ ಮುಚ್ಚಳವು ಮಾಡುವ ಕೆಲಸವೂ ಅದೇ. ಸಿಳ್ಳೆ ಹಾಕುತ್ತಿರುವ ಕುಕ್ಕರಿನ ಮುಚ್ಚಳವನ್ನು ತೆರೆಯುವ ಮೂರ್ಖರು ನಮ್ಮ ಅಡುಗೆಮನೆಗಳಲ್ಲಿಲ್ಲ. ಆದರೆ ರಸ್ತೆಯ ಬದಿಯಲ್ಲಿ ಕಾದ ಇಂಜಿನಿನ ಮುಂದೆ ನಿಂತಾಗ ಅದೇ ಜಾಣನು ಮುಚ್ಚಳಕ್ಕೆ ಕೈಹಾಕುತ್ತಾನೆ. ಒತ್ತಡ ತಪ್ಪಿದೊಡನೆ ಒಳಗಿನ ನೀರೆಲ್ಲ ಏಕಕಾಲಕ್ಕೆ ಕುದಿದೆದ್ದು ಮುಖಕ್ಕೆ ಎರಚುತ್ತದೆ. ಮುಖವೂ ಕಣ್ಣುಗಳೂ ಸುಟ್ಟುಹೋಗುವುದಕ್ಕೆ ಒಂದು ಕ್ಷಣ ಸಾಕು. ಉಷ್ಣತೆಯ ಮುಳ್ಳು ಮೇಲೇರಿದರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಇಂಜಿನು ಬಂದು ಮಾಡಿ, ಮುಟ್ಟಿದರೆ ಬಿಸಿಯೆನಿಸದಷ್ಟು ಹೊತ್ತು ಕಾಯಲೇಬೇಕು. ಸಾಂಬಾರು ತಡವಾದರೆ ಆಗಲಿ.

ಒಳಗೆ ಹಾಕುವ ಕೂಲಂಟು ನಲ್ಲಿಯ ನೀರಿಗಿಂತ ಶ್ರೇಷ್ಠ. ಹೋಟೆಲಿನ ಬಾಯ್ಲರಿನೊಳಗೆ ಸುಣ್ಣದ ಪದರ ಕಟ್ಟುವುದನ್ನು ಕಂಡವರು ರೇಡಿಯೇಟರಿನ ಕೂದಲೆಳೆಯಂತಹ ನಾಳಗಳಲ್ಲಿ ಅದು ಕಟ್ಟಿದರೆ ಏನಾದೀತೆಂದು ಊಹಿಸಬಹುದು. ಆದರೆ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬ ದ್ರವವು ಸವಿಯಾದ ವಿಷ. ಬಣ್ಣವೂ ಆಕರ್ಷಕ, ರುಚಿಯೂ ಸಿಹಿ. ಕುಡಿದರೆ ಮೂತ್ರಪಿಂಡಗಳು ನಾಶವಾಗಿ ಪ್ರಾಣಹಾನಿಯಾದೀತು. ಉಳಿದ ಕೂಲಂಟನ್ನು ಶರಬತ್ತಿನ ಬಾಟಲಿಯಲ್ಲಿ ತುಂಬಿ ಹೋಟೆಲಿನ ಹಿಂಬದಿಯ ಗೂಡಿನಲ್ಲಿಡುವ ಅಭ್ಯಾಸವನ್ನು ಕಂಡಲ್ಲಿ ಖಂಡಿಸತಕ್ಕದ್ದು.

ಬ್ಯಾಟರಿಗೂ ಅಡುಗೆಮನೆಗೂ ಸಹ ಒಂದು ನಂಟಿದೆ. ಅದರ ತುದಿಗಳಲ್ಲಿ ಬಿಳಿ, ಹಸಿರು ಕಿಲುಬು ಕಟ್ಟಿ, ಬೆಳಿಗ್ಗೆ ಸೆಲ್ಫು ಕೊರಗುತ್ತಿದ್ದರೆ ಒಂದು ಚಮಚ ಅಡುಗೆ ಸೋಡವನ್ನು ಬಿಸಿನೀರಿನಲ್ಲಿ ಕದಡಿ ತೊಳೆದರೆ ಸಾಕು. ಒಣಗಿಸಿ, ಬಿಗಿದು, ಸ್ವಲ್ಪ ವ್ಯಾಸಲೀನು ಸವರಬೇಕು. ನೀರು ಬ್ಯಾಟರಿಯ ಒಳಕ್ಕೆ ಇಳಿಯದಂತೆ ಜಾಗ್ರತೆ ವಹಿಸಬೇಕು. ತಂತಿ ಬಿಚ್ಚುವಾಗ ಋಣಧ್ರುವವನ್ನು ಮೊದಲು, ಹಾಕುವಾಗ ಅದನ್ನೇ ಕೊನೆಗೆ. ಗಾಡಿಯ ಮೈಯೆಲ್ಲ ಋಣಧ್ರುವಕ್ಕೆ ಸೇರಿದ್ದರಿಂದ, ಧನಧ್ರುವವನ್ನು ಬಿಚ್ಚುತ್ತಿರುವ ಸ್ಪ್ಯಾನರು ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಡುವ ಜಲಜನಕವು ಕಿಡಿಗೆ ಸಿಡಿಯುತ್ತದೆ. ಬೀಡಿ ಹಚ್ಚಿಕೊಂಡು ಬ್ಯಾಟರಿಯ ಮೇಲೆ ಬಾಗುವವನಿಗೂ ಇದೇ ಮಾತು. ಸಣ್ಣದೊಂದು ಮೀಟರು ಕೊಂಡಿಟ್ಟರೆ, ವಿಶ್ರಾಂತಿಯಲ್ಲಿ ತುಂಬಿದ ಬ್ಯಾಟರಿ 12.6 ವೋಲ್ಟಿನಷ್ಟನ್ನೂ, ಇಂಜಿನು ನಡೆಯುತ್ತಿರುವಾಗ ಸುಮಾರು 14 ವೋಲ್ಟನ್ನೂ ತೋರಿಸಬೇಕು. ನಡೆಯುವಾಗಲೂ ಏರದಿದ್ದರೆ ದೋಷ ಬ್ಯಾಟರಿಯದಾಗಿರದೆ ಆಲ್ಟರ್ನೇಟರಿನದಾಗಿರಬಹುದು. ಇಷ್ಟು ಗೊತ್ತಿದ್ದರೆ ಅನಾವಶ್ಯಕವಾಗಿ ಹೊಸ ಬ್ಯಾಟರಿ ಕೊಳ್ಳುವುದು ತಪ್ಪುತ್ತದೆ.

ಇನ್ನು ಮುಂಬಯಿಯ ಇಲಿಗಳು. ರಾತ್ರಿ ಹೋಟೆಲಿನ ಹಿತ್ತಲಲ್ಲಿ, ಕಸದ ಡಬ್ಬಿಯ ಪಕ್ಕದಲ್ಲಿ ನಿಂತ ಗಾಡಿಯ ತಂತಿಗಳು ಅವುಗಳಿಗೆ ರಾತ್ರಿಯೂಟದಂತೆ! ತಂತಿಯ ಹೊದಿಕೆ ಹರಿದದ್ದನ್ನು ಆಸನವೆತ್ತಿ ನೋಡಿದ ಕಣ್ಣು ಮಾತ್ರ ಹೊಗೆಯಾಡುವ ಮೊದಲೇ ಕಾಣಬಲ್ಲದು.

ಬ್ರೇಕು

ಮೇಲಿನವುಗಳಲ್ಲಿ ಉದಾಸೀನ ಮಾಡಿದರೆ ಗಾಡಿ ನಿಲ್ಲುತ್ತದೆ. ಬ್ರೇಕಿನಲ್ಲಿ ಉದಾಸೀನ ಮಾಡಿದರೆ ಗಾಡಿ ನಿಲ್ಲುವುದಿಲ್ಲ. ಈ ಭೇದವನ್ನು ಚೆನ್ನಾಗಿ ಮನಗಾಣಬೇಕು.

ಕಾಲಿನ ಒತ್ತಡವನ್ನು ಚಕ್ರಕ್ಕೆ ಸಾಗಿಸುವುದು ಬ್ರೇಕ್ ಆಯಿಲೆಂದು ಕರೆಯಲ್ಪಡುವ ದ್ರವ. ವಸ್ತುತಃ ಅದು ಎಣ್ಣೆಯೇ ಅಲ್ಲ, ಇಂಜಿನ್ ಆಯಿಲು ಅದರಲ್ಲಿ ಬೆರೆತರೆ ಒಳಗಿನ ರಬ್ಬರುಗಳೆಲ್ಲ ಊದಿ ಕೆಡುತ್ತವೆ. ಗಾಳಿಯ ತೇವವನ್ನು ಹೀರಿಕೊಳ್ಳುವುದು ಈ ದ್ರವದ ಸ್ವಭಾವ. ಮಳೆಗಾಲದಲ್ಲಿ ಹೋಟೆಲಿನ ಉಪ್ಪು ನೀರೊಡೆಯುವಂತೆ. ಡಾಟ್-3 ಎಂಬ ದರ್ಜೆಯ ದ್ರವವು ಹೊಸದಾಗಿದ್ದಾಗ 205 ಡಿಗ್ರಿಗೆ ಮುನ್ನ ಕುದಿಯಕೂಡದೆಂದು ನಿಯಮವಿದೆ. ತೇವ ಹೀರಿದ ಮೇಲಿನ ಮಿತಿ 140 ಡಿಗ್ರಿ ಮಾತ್ರ. ಸಮುದ್ರ ಮಟ್ಟದ ಬೀದಿಗಳಲ್ಲಿ ಇದರ ಅರಿವೇ ಆಗುವುದಿಲ್ಲ. ಪುಣೆಯ ಮದುವೆಗೆಂದು ಸಾಮಾನು ತುಂಬಿಕೊಂಡು ಹೋಗಿ, ಮರಳುವಾಗ ಬೋರ್‌ಘಾಟಿಯನ್ನು ಇಳಿಯುತ್ತ ಬ್ರೇಕನ್ನೇ ಒತ್ತಿ ಹಿಡಿದಾಗ ಅದು ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆದುದರಿಂದ ಪೆಡಲು ಮೆತ್ತಗೆ ನೆಲಕ್ಕೆ ಹೋಗುತ್ತದೆ, ಚಕ್ರಕ್ಕೆ ಏನೂ ತಲಪುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವವನ್ನು ಬದಲಿಸಬೇಕೆಂಬುದೂ, ಘಾಟಿಯನ್ನು ಹತ್ತುವ ಗಿಯರಿನಲ್ಲಿಯೇ ಇಳಿಯಬೇಕೆಂಬುದೂ ಇದಕ್ಕಾಗಿ.

ಡ್ರೈವರನು ಸ್ವತಃ ಮಾಡಬೇಕಾದದ್ದು ಪರೀಕ್ಷೆ. ದ್ರವದ ಮಟ್ಟ ಇಳಿಯುತ್ತಿದ್ದರೆ ಮೇಲಿಂದ ಸುರಿದು ಸುಮ್ಮನಾಗುವುದು ಸಲ್ಲದು. ಪ್ಯಾಡು ಸವೆದಿದೆ, ಇಲ್ಲವೇ ಎಲ್ಲಿಯೋ ಸೋರುತ್ತಿದೆ. ಪೆಡಲು ಒತ್ತಿ ಹಿಡಿದಾಗ ನಿಧಾನವಾಗಿ ಕುಸಿಯುತ್ತಿದೆಯೇ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದೆಯೇ, ಲೋಹ ಲೋಹಕ್ಕೆ ಉಜ್ಜುವ ಸದ್ದಿದೆಯೇ ಎಂದು ದಿನವೂ ಗಮನಿಸಬೇಕು. ಪ್ಯಾಡು ಬದಲಿಸುವುದನ್ನು ಬಲ್ಲವನ ಪಕ್ಕದಲ್ಲಿ ನಿಂತು ಎರಡು ಮೂರು ಸಲ ಕಂಡು, ಬಳಿಕ ಅವನ ಕಣ್ಣೆದುರು ಮಾಡಿ ಕಲಿಯಬಹುದು. ಸಿಲಿಂಡರು, ಹೋಸುಗಳನ್ನು ಬಿಚ್ಚಿ ಗಾಳಿ ತೆಗೆಯುವ ಕೆಲಸವನ್ನು ಪುಸ್ತಕ ಓದಿ ಒಂಟಿಯಾಗಿ ಆರಂಭಿಸಕೂಡದೆಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ. ಧೈರ್ಯವಂತರು ಮುನಿಸಿಕೊಂಡರೆ ಕ್ಷಮಿಸಬೇಕು.

ಟಾಯರಿನ ಕುರಿತು ಸಂಕ್ಷೇಪವಾಗಿ ಹೇಳಬಹುದು. ಗಾಳಿಯನ್ನು ಗಾಡಿ ಓಡುವ ಮೊದಲು, ತಣ್ಣಗಿರುವಾಗ ಅಳೆಯಬೇಕು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡು ಸವೆದಿದ್ದರೆ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಚಕ್ರದ ಓರಣ ತಪ್ಪಿದೆ. ತೋಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟಾಯರು ಕಾಯಿದೆಗೂ ವಿರುದ್ಧ, ಮಳೆಯಲ್ಲಿ ಪ್ರಾಣಕ್ಕೂ ವಿರುದ್ಧ. ಚಕ್ರ ಬದಲಿಸುವಾಗ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ, ಬಳಿಕ ಎತ್ತಬೇಕು. ಬಿಗಿಯುವಾಗ ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆಯನ್ನಾಗಲಿ ಕೈಯನ್ನಾಗಲಿ ಚಾಚಬಾರದು. ಇಟ್ಟಿಗೆಯೂ ಆಧಾರವಲ್ಲ, ಅದು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಉಕ್ಕಿನ ಸ್ಟ್ಯಾಂಡಿಗೆ ಕೊಡುವ ಹಣವನ್ನು ಉಳಿಸಲು ನೋಡುವವರ ಜೊತೆ ವಾದಿಸಿ ಪ್ರಯೋಜನವಿಲ್ಲ.

ಗ್ಯಾಸು ಮತ್ತು ಮಳೆ

ಮುಂಬಯಿಯ ವ್ಯಾನುಗಳಲ್ಲಿ ಸಿ.ಎನ್.ಜಿ. ಬಳಸುವವು ಬಹಳ. ಅಡುಗೆಯ ಗ್ಯಾಸನ್ನು ಬಲ್ಲವರು ಇದನ್ನೂ ಬಲ್ಲೆವೆಂದು ತಿಳಿಯಬಾರದು. ಅಡುಗೆಯ ಗ್ಯಾಸು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ, ಸಿ.ಎನ್.ಜಿ. ಹಗುರವಾದುದರಿಂದ ಮೇಲಕ್ಕೇರುತ್ತದೆ. ಅದರ ಸಿಲಿಂಡರಿನೊಳಗಿನ ಒತ್ತಡವು ವಾತಾವರಣದ ಒತ್ತಡದ ಸುಮಾರು 200 ಪಾಲು. ಅಲ್ಲಿ ಸ್ಪ್ಯಾನರಿಗೆ ಪ್ರವೇಶವಿಲ್ಲ. ವಾಸನೆ ಬಂದರೆ ಇಂಜಿನು ಬಂದು ಮಾಡಿ, ಬಾಗಿಲು ತೆರೆದು, ಸಿಲಿಂಡರಿನ ಕೈಕವಾಟವನ್ನು ಮುಚ್ಚಿ ದೂರ ನಿಲ್ಲುವುದಷ್ಟೇ ನಮ್ಮ ಕೆಲಸ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಅಧಿಕೃತ ಕೇಂದ್ರದಲ್ಲಿ ಒತ್ತಡದ ಪರೀಕ್ಷೆಗೆ ಒಳಪಡಿಸಲೇಬೇಕು. ಅಡುಗೆಮನೆಯ ಸಿಲಿಂಡರನ್ನು ಗಾಡಿಗೆ ಜೋಡಿಸುವ ಸಾಹಸವು ಅಪರಾಧವೂ ಹೌದು, ಆತ್ಮಹತ್ಯೆಗೆ ಸಮಾನವೂ ಹೌದು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದದ್ದನ್ನು ಕಂಡವರಿಗೆ ನೀರಿನಲ್ಲಿ ಮುಳುಗಿದ ಗಾಡಿಗಳ ಚಿತ್ರ ಇನ್ನೂ ಕಣ್ಣಿಗೆ ಕಟ್ಟಿರಬಹುದು. ನೀರಿಳಿದ ಮೇಲೆ ಮಾಡುವ ಸಹಜ ಕೆಲಸವೆಂದರೆ ಚಾವಿ ತಿರುಗಿಸಿ ನೋಡುವುದು. ಅದೇ ಸರ್ವನಾಶಕ್ಕೆ ಮೂಲ. ಸಿಲಿಂಡರಿನೊಳಗೆ ನೀರಿದ್ದರೆ ಮೇಲೇರುವ ಪಿಸ್ಟನ್ನು ಗಾಳಿಯನ್ನು ಕುಗ್ಗಿಸಿದಂತೆ ನೀರನ್ನು ಕುಗ್ಗಿಸಲಾರದು. ಕನೆಕ್ಟಿಂಗ್ ರಾಡು ಬಾಗುತ್ತದೆ ಅಥವಾ ಮುರಿಯುತ್ತದೆ. ಗಾಳಿಯ ಫಿಲ್ಟರಿನ ಪೆಟ್ಟಿಗೆ ತೆರೆದು, ಕಾಗದದ ಫಿಲ್ಟರು ಒದ್ದೆಯಾಗಿದೆಯೇ ಎಂದು ನೋಡಿ, ಒದ್ದೆಯಾಗಿದ್ದರೆ ಗಾಡಿಯನ್ನು ಎಳೆಯಿಸಿಕೊಂಡು ಹೋಗುವುದೊಂದೇ ದಾರಿ. ಹಿಂದಮಾತಾದಲ್ಲಿಯೋ ಕಿಂಗ್ಸ್ ಸರ್ಕಲಿನಲ್ಲಿಯೋ ಮೊಣಕಾಲು ನೀರನ್ನು ಹೇಗೋ ದಾಟಿ ಬಂದರೆ, ಬ್ರೇಕನ್ನು ಕೆಲವು ಸಲ ಲಘುವಾಗಿ ಒತ್ತುತ್ತ ನಡೆಸಿ ಒಣಗಿಸಿಕೊಂಡೇ ವೇಗ ಹೆಚ್ಚಿಸಬೇಕು.

ಓದುವವನೂ ಬಿಚ್ಚುವವನೂ

ಈ ವಿದ್ಯೆಯನ್ನು ಎಲ್ಲಿ ಕಲಿಯಬೇಕೆಂದರೆ, ಸರಕಾರದ ಐ.ಟಿ.ಐ.ಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕರಿಗೆ ಎರಡು ವರ್ಷಗಳ ಶಿಕ್ಷಣವಿದೆ. ಹೋಟೆಲಿನ ಪಾಳಿಗೆ ಕಟ್ಟುಬಿದ್ದವರಿಗೆ ಅದು ಎಟುಕಲಿಕ್ಕಿಲ್ಲ. ಆದರೆ ಹಗಲು ತಟ್ಟೆಯೆತ್ತಿ ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ಕಾದ ಪರಂಪರೆ ನಮ್ಮದು. ಗಾಡಿಯ ಪುಸ್ತಕವು ಇಂಗ್ಲಿಷಿನಲ್ಲಿದ್ದರೆ, ಕೋಟೆಯ ಕಚೇರಿಯಲ್ಲಿ ಅದೇ ಭಾಷೆಯನ್ನು ದಿನವಿಡೀ ಬರೆಯುವ ಗುಮಾಸ್ತ ಮಿತ್ರನೊಬ್ಬನು ರವಿವಾರ ಒಂದು ತಾಸು ಓದಿ ಹೇಳಬಾರದೇಕೆ? ಓದುವವನಿಗೆ ಬಿಚ್ಚಲು ಬಾರದು, ಬಿಚ್ಚುವವನಿಗೆ ಓದಲು ಬಾರದು; ಇಬ್ಬರೂ ಒಂದೇ ಚಾಳಿನಲ್ಲಿ ಮಲಗುತ್ತಾರೆ.

ಮೆಕ್ಯಾನಿಕನನ್ನು ವೈರಿಯೆಂದು ಬಗೆಯುವುದು ಸರಿಯಲ್ಲ. ಬಹುಮಂದಿ ಶ್ರಮಜೀವಿಗಳು, ನಮ್ಮಂತೆಯೇ ಊರು ಬಿಟ್ಟು ಬಂದವರು. ತೆಗೆದ ಹಳೆಯ ಭಾಗವನ್ನು ತೋರಿಸೆಂದು ವಿನಯದಿಂದ ಕೇಳಿದರೆ, ಪಕ್ಕದಲ್ಲಿ ನಿಂತು ದೀಪ ಹಿಡಿದರೆ, ಅವರೇ ಗುರುಗಳಾಗುತ್ತಾರೆ. ಸುಟ್ಟ ಪ್ಲಗ್ಗು ಕೈಗೆ ಬಂದಾಗ ಅದರ ತುದಿಯನ್ನು ನೋಡಿ: ತಿಳಿಕಂದು ಆರೋಗ್ಯದ ಬಣ್ಣ, ಒಣ ಮಸಿಯಿದ್ದರೆ ಇಂಧನ ಹೆಚ್ಚಾಗುತ್ತಿದೆ ಅಥವಾ ಗಾಳಿಯ ಫಿಲ್ಟರು ಕಟ್ಟಿದೆ, ಎಣ್ಣೆಯ ಜಿಡ್ಡಿದ್ದರೆ ಇಂಜಿನಿನ ರಿಂಗುಗಳು ಸವೆದಿರಬಹುದು, ಸುಣ್ಣದಂತೆ ಬಿಳುಪಾಗಿದ್ದರೆ ಅತಿಯಾಗಿ ಕಾಯುತ್ತಿದೆ. ಮುಂಬಯಿಯ ಗ್ಯಾರೇಜಿನ ಭಾಷೆಯಲ್ಲಿ ಸ್ಪ್ಯಾನರು ‘ಪಾನಾ’ ಆಗುತ್ತದೆ. ಮಾರುತಿ ಗಾಡಿಗಳ ಹೆಚ್ಚಿನ ಕೆಲಸಕ್ಕೆ 10, 12, 14, 17ರ ಪಾನಾಗಳು ಸಾಕು.

2020ರ ಏಪ್ರಿಲಿನಿಂದ ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲಿನ ಗಾಡಿಗಳಲ್ಲಿ ಗಣಕದ ಅಧಿಕಾರ ಹೆಚ್ಚಾಗಿದೆಯೆಂಬುದು ನಿಜ. ಇಂಜಿನಿನ ಹಳದಿ ದೀಪ ಹೊತ್ತಿಕೊಂಡರೆ ಅದರ ಸಂಕೇತವನ್ನು ಓದಲು ಬೇರೆ ಉಪಕರಣ ಬೇಕು. ಆದರೆ ಆಯಿಲಿನ ಕೆಂಪು ದೀಪದ ಅರ್ಥ ಹಿಂದೆಯೂ ಇಂದೂ ಒಂದೇ: ಒತ್ತಡವಿಲ್ಲ, ಕೂಡಲೇ ಇಂಜಿನು ಬಂದು ಮಾಡು. ಮುಂದಿನ ಪೆಟ್ರೋಲು ಪಂಪಿನವರೆಗೆ ಹೋಗೋಣವೆಂಬುದಕ್ಕೆ ಅಲ್ಲಿ ಅವಕಾಶವಿಲ್ಲ.

ಧಣಿಗಳಿಗೂ ಒಂದು ಮಾತು. ಡ್ರೈವರನು ನಾಲ್ಕು ಕೆಲಸ ಕಲಿತನೆಂದು ಗ್ಯಾರೇಜಿನ ಸರ್ವಿಸನ್ನೇ ನಿಲ್ಲಿಸಿಬಿಡುವುದು ಲೋಭ. ಪಾಳಿ ಮುಗಿದ ಮೇಲೆ ಅವನು ಗಾಡಿಯ ಕೆಳಗೆ ಕಳೆದ ಹೊತ್ತಿಗೆ ಕೂಲಿ ಸಲ್ಲಬೇಕು. ಪಾನಾ, ಸ್ಟ್ಯಾಂಡುಗಳ ಖರ್ಚು ಹೋಟೆಲಿನದಾಗಬೇಕು. ಬ್ರೇಕು ಸರಿಯಿಲ್ಲವೆಂದು ಅವನು ಹೇಳಿದ ದಿನ ಗಾಡಿ ಹೊರಡಬಾರದು.

ಬಿಡಿಭಾಗಗಳಿಗೆ ಕುರ್ಲಾದ ಸಿ.ಎಸ್.ಟಿ. ರಸ್ತೆ, ದಿಲ್ಲಿಯ ಕಾಶ್ಮೀರಿ ಗೇಟು, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ ಹೆಸರಾದವು. ಬಾಗಿಲಿನ ಹಿಡಿ, ಕನ್ನಡಿ, ಆಸನಗಳನ್ನು ಹಳೆಯದೇ ಕೊಂಡರೂ ಬಾಧಕವಿಲ್ಲ. ಬ್ರೇಕು, ಸ್ಟಿಯರಿಂಗು, ಫಿಲ್ಟರುಗಳನ್ನು ಮಾತ್ರ ಹೊಸತಾಗಿ, ರಶೀತಿಯೊಡನೆ ಕೊಳ್ಳತಕ್ಕದ್ದು.

ನಾಲ್ಕಾಣೆಯ ಕಾಲ ಹೋದರೂ ನೋಟುಪುಸ್ತಕ ಇನ್ನೂ ಅಗ್ಗವೇ. ಗಾಡಿಗೆಂದು ಒಂದನ್ನಿಟ್ಟು, ತಾರೀಕು, ಓಡಿದ ಕಿಲೋಮೀಟರು, ಮಾಡಿದ ಕೆಲಸ, ಹಾಕಿದ ಭಾಗ, ಕೊಟ್ಟ ಹಣ ಇಷ್ಟನ್ನು ಕನ್ನಡದಲ್ಲಿಯೇ ಬರೆಯುತ್ತ ಬಂದರೆ, ಆಯಿಲು ಎಂದಿನಿಂದ ಇಳಿಯತೊಡಗಿತು, ಪ್ಯಾಡು ಎಷ್ಟು ದಿನ ಬಾಳಿತು ಎಂಬುದು ತಾನಾಗಿ ಕಾಣುತ್ತದೆ. ಅದರ ಮೊದಲ ಪುಟದಲ್ಲಿ ನಾಲ್ಕು ತಾರೀಕುಗಳು ದೊಡ್ಡ ಅಕ್ಷರಗಳಲ್ಲಿರಲಿ: ವಿಮೆಯ ಕೊನೆ, ಹೊಗೆಯ ಪ್ರಮಾಣಪತ್ರದ ಕೊನೆ, ಸಿಲಿಂಡರಿನ ಪರೀಕ್ಷೆ, ಮತ್ತು ಫಿಟ್‌ನೆಸ್. ಬಾಡಿಗೆಯ ಗಾಡಿಗಳಿಗೆ ಮೊದಲ ಎಂಟು ವರ್ಷ ಎರಡೆರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷವೂ ಫಿಟ್‌ನೆಸ್ ಪರೀಕ್ಷೆಯಿದೆ. ಅದಕ್ಕೆ ಹೋಗುವ ಹಿಂದಿನ ಸಂಜೆ, ಒಬ್ಬನು ಒಳಗೆ ಕುಳಿತು ಬ್ರೇಕನ್ನೂ ಇಂಡಿಕೇಟರನ್ನೂ ಒತ್ತುತ್ತಿರಲಿ, ಇನ್ನೊಬ್ಬನು ಹಿಂದೆ ನಿಂತು ದೀಪಗಳನ್ನು ನೋಡುತ್ತಿರಲಿ. ಸುಟ್ಟ ಬಲ್ಬೊಂದನ್ನು ಬದಲಿಸಲು ಒಂದು ಸ್ಕ್ರೂಡ್ರೈವರು, ಹತ್ತು ನಿಮಿಷ ಸಾಕು.